ರೇಣುಕಪ್ರಸಾದನ ಶುದ್ಧ ದನಿ

ಚೆಟ್ಟಳ್ಳಿಯ ವಾಚನಾಲಯದ ರೇಣುಕಪ್ರಸಾದ್, ಕೆಲಸ ಕಾಯಂ ಆಗಲಿ ಎಂದು ಕಾಯುತ್ತ ಕಾಯುತ್ತ ತಲೆಯ ಮುಂಭಾಗವನ್ನು ಬೋಳು ಮಾಡಿಕೊಂಡವನು. ಅವನು ಓದುಗರಿಗೆ ಮೊದಲು ಉಚ್ಚಾರ ಕೊಡುತ್ತಿದ್ದ, ಪುಸ್ತಕ ಆಮೇಲೆ. "ಅಳೇ ಪುಸ್ತಕ" ಎಂದವರು ಅದನ್ನು 'ಹಳೇ' ಮಾಡುವ ತನಕ ಕಪಾಟಿನ ಬೀಗ ತೆರೆಯುತ್ತಿರಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕನ್ನಡ ಆಡಿದರೆ ದಂಡ ಹಾಕುತ್ತಿದ್ದರು. ಇವನ ಹತ್ತಿರ ಕನ್ನಡ ಆಡಿದರೂ ದಂಡವೇ.

ವಾಚನಾಲಯದ ಸಮಿತಿ ಒಂದು ಯಂತ್ರ ತರಿಸಿತು. ಬೇಕಾದ ಪುಸ್ತಕವನ್ನು ಬಾಯಲ್ಲಿ ಹೇಳಿದರೆ ಅದು ಯಾವ ಕಪಾಟಿನಲ್ಲಿದೆ ಎಂದು ತೋರಿಸಬೇಕು. ತೋರಿಸುತ್ತಿತ್ತು, ಆದರೆ ಬೇಡದ್ದನ್ನು.

ಅಧ್ಯಕ್ಷ ಉದಯ ಹೇಳಿದ, "ಊರವರ ದನಿ ರೆಕಾರ್ಡ್ ಮಾಡಿ ಅದಕ್ಕೆ ಕಲಿಸಿ, ಪ್ರಸಾದ್. ತಪ್ಪು ಕಮ್ಮಿ ಆದ್ರೆ ನಿಮ್ಮನ್ನ ಕಾಯಂ ಮಾಡುವ. ಇಲ್ಲಾಂದ್ರೆ ಮೆಷಿನ್ ವಾಪಸ್." ಮೆಷಿನ್ ಜೊತೆ ಇನ್ಯಾರು ವಾಪಸ್ ಎಂದು ಹೇಳಲಿಲ್ಲ. ಚಹಾ ಕುಡಿದ.

ರೆಕಾರ್ಡಿಂಗ್ ಶುರುವಾಯಿತು. ಮಲಯಾಳದ ಎಳೆತ, ತಮಿಳಿನ ತಿರುವು, ಅರೆಭಾಷೆಯ ಸೊಗಸು, ಎಲ್ಲವನ್ನೂ ರೇಣುಕಪ್ರಸಾದ್ ಅಳಿಸಿ ಅಳಿಸಿ ಮತ್ತೆ ಓದಿಸಿದ. ಕೊನೆಗೆ ಇಡೀ ಊರು ವಾರ್ತೆ ಓದಿದ ಹಾಗೆ ಓದಿತು.

ಪತ್ತೇದಾರಿ ಕಾದಂಬರಿಗಳ ಹುಚ್ಚಿನ ತಂಗಮ್ಮ ಕೇಳಿದರು, "ನಾನು ಓದಿದ್ದಕ್ಕೆ ಎಂತ ಆಗಿತ್ತು, ಮಾರಾಯಾ? ಯಾಕೆ ಅಳಿಸಿದ್ದು?"

"ಮೆಷಿನ್ ನಿಮ್ಮಿಂದ ಭಾಷೆ ಕಲೀಬೇಕು, ತಂಗಮ್ಮಕ್ಕ. ಕೆಟ್ಟದ್ದು ಕಲಿಸಿದ್ರೆ ಹೇಗೆ?"

"ನನ್ನ ಮಕ್ಕಳೂ ನನ್ನಿಂದಲೇ ಮಾತು ಕಲ್ತದ್ದು. ಅದರಲ್ಲಿ ಒಬ್ಬ ನಿನ್ನ ಅಧ್ಯಕ್ಷ."

ಪರೀಕ್ಷೆಯ ದಿನ ಸಮಿತಿ ಸಾಲಾಗಿ ಕುಳಿತಿತ್ತು. ತಂಗಮ್ಮ ಯಂತ್ರದ ಮುಂದೆ ನಿಂತು, ನೆರೆಮನೆಯವಳನ್ನು ವಿಚಾರಿಸುವಂತೆ ತಮ್ಮ ಅರೆಭಾಷೆಯಲ್ಲೇ, ಪುಸ್ತಕ ಉಂಟಾ ಎಂದು ಕೇಳಿದರು: "ಆ 'ಕಾಫಿ ಕಣದ ಕೊಲೆ' ಉಟ್ಟಾ? ಮೊನ್ನೆ ಸರೋಜ ಕೊಂಡೋಗಿತ್ತಲ್ಲ, ಅದು."

ಯಂತ್ರ ಶುಂಠಿ ಬೇಸಾಯ ತೋರಿಸಿತು. ತೋಟದ ಕೂಲಿಯವರ ಲೈನಿನಿಂದ ಬಂದ ಲಿಂಗ ತನ್ನ ತಮಿಳುಗನ್ನಡದಲ್ಲಿ ಅಡುಗೆ ಪುಸ್ತಕ ಕೇಳಿದ. ಅವನಿಗೂ ಶುಂಠಿ ಬೇಸಾಯವೇ. ಓದಿಸುವಾಗ ವಾರ್ತೆ ಓದಿದವರು ಕೇಳುವಾಗ ತಮ್ಮ ಬಾಯಲ್ಲೇ ಕೇಳಿದ್ದರು. ಆ ಬಾಯಿಗಳ ಪರಿಚಯ ಯಂತ್ರಕ್ಕೆ ಇರಲೇ ಇಲ್ಲ.

ಉದಯ ಗಡಿಯಾರ ನೋಡಿದ. ರೇಣುಕಪ್ರಸಾದ್ ಎದ್ದ, ಯಂತ್ರದತ್ತ ಬಗ್ಗಿ ನುಡಿದ: "ಕಾಫಿ ಕಣದ ಕೊಲೆ."

ಸರಿಯಾದ ಕಪಾಟು ಥಟ್ಟನೆ ಯಂತ್ರದ ತೆರೆಯ ಮೇಲೆ ಬಂತು.

"ನೀವೆಲ್ಲ ನಂಗೆ ಹೇಳಿ, ನಾನು ಅದಕ್ಕೆ ಹೇಳ್ತೇನೆ," ಎಂದ.

ಒಬ್ಬೊಬ್ಬರೂ ತಮಗೆ ಬಂದಂತೆ ಅವನ ಕಿವಿಗೆ ಹೇಳಿದರು. ಯಾರನ್ನೂ ತಿದ್ದದೆ, ಯಾರನ್ನೂ ಎರಡನೇ ಸಲ ಕೇಳದೆ, ಎಲ್ಲರ ಮಾತೂ ಅವನಿಗೆ ಅರ್ಥವಾಯಿತು. ಇಷ್ಟು ವರ್ಷ ಈ ವಿದ್ಯೆಯನ್ನು ಎಲ್ಲಿ ಬೀಗ ಹಾಕಿಟ್ಟಿದ್ದನೋ. ಯಂತ್ರ ಒಂದೂ ತಪ್ಪಲಿಲ್ಲ. ಸಮಿತಿ ಚಪ್ಪಾಳೆ ತಟ್ಟಿ ಅವನನ್ನು ಕಾಯಂ ಮಾಡಿತು.

ಈಗ ಓದುಗರು ಅವನಿಗೆ ಹೇಳುತ್ತಾರೆ, ಅವನು ಯಂತ್ರಕ್ಕೆ ಹೇಳುತ್ತಾನೆ, ಯಂತ್ರ ಅವನ ಬೆನ್ನ ಹಿಂದಿನ ಕಪಾಟನ್ನು ಅವನಿಗೆ ತೋರಿಸುತ್ತದೆ. ಮಳೆಗಾಲದಲ್ಲಿ ಶೀತ ಹಿಡಿದು ಅವನ ದನಿ ಕೆಟ್ಟರೆ ವಾಚನಾಲಯಕ್ಕೆ ರಜೆ. ಆ ದಿನಗಳಲ್ಲಂತೂ ಯಂತ್ರ ತಪ್ಪುವುದೇ ಇಲ್ಲ ಎಂದು ಸಮಿತಿಗೆ ಬಹಳ ಹೆಮ್ಮೆ.