ಎಕ್ಸ್‌ರೇ ಕದಿರೇಶ

ಮಾಲೂರಿನ ಸ್ಕ್ಯಾನಿಂಗ್ ಸೆಂಟರಿನ ಎಕ್ಸ್‌ರೇ ಕದಿರೇಶನಿಗೆ ಮನುಷ್ಯರ ಮುಖ ಕಾಣುವುದಿಲ್ಲ. ಸೊಂಟ, ಮಂಡಿ, ಎದೆಗೂಡುಗಳಷ್ಟೇ ಕಾಣುತ್ತವೆ. "ಸೊಂಟ ಯಾರಮ್ಮ? ಬಾ ಒಳಗೆ!" ಎಂದು ಗದರುತ್ತಾನೆ. ಮಲಗಿಸಿ "ಉಸಿರು ಹಿಡ್ಕೊ" ಎಂದವನು, ಬಿಡು ಎನ್ನುವುದನ್ನು ಮರೆತು ಫೋನಿನಲ್ಲಿ ತೆಲುಗಿನಲ್ಲಿ ಹರಟುತ್ತಾನೆ. ಹೆಂಗಸರನ್ನು ಬಸುರಿಯೇ ಎಂದು ಒಮ್ಮೆಯೂ ಕೇಳುವುದಿಲ್ಲ. "ಕೇಳಿ ಸಾರ್" ಎಂದು ನರ್ಸ್ ವಾಣಿಶ್ರೀ ಗೋಗರೆದರೆ, "ಒಂದು ಎಕ್ಸ್‌ರೇಗೆ ಏನೂ ಆಗಲ್ಲ ಕಣಮ್ಮ" ಎಂದು ನಗುತ್ತಾನೆ. ನಿನ್ನೆ ಅವನ ಬಸುರಿ ಮಗಳು ಊಟದ ಡಬ್ಬಿ ತಂದಳು. "ಅಲ್ಲೇ ನಿಲ್ಲು, ಒಳಗೆ ಬರ್ಬೇಡ!" ಎಂದು ಕದಿರೇಶ ಓಡಿಹೋಗಿ ಅವಳನ್ನು ಬೀದಿಯಿಂದಲೇ ಕಳಿಸಿದ. ವಾಣಿಶ್ರೀಯ ಮೈ ಉರಿಯಿತು. "ಬಸುರಿಯಾಗಿದ್ರೆ ಯಾರೂ ಒಳಗೆ ಹೋಗ್ಬೇಡ್ರಮ್ಮ!" ಎಂದು ಕಾಯುತ್ತಿದ್ದವರಿಗೆ ಕೂಗಿದಳು. ಎಕ್ಸ್‌ರೇ ತೆಗೆಸಿ ಆಗಷ್ಟೇ ಹೊರಬಂದ ಲಕ್ಕೂರಿನ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಮೊದಲೇ ಯಾಕೆ ಹೇಳ್ಲಿಲ್ಲ ಅಕ್ಕ?" ಎಂದಳು.