ಕುಂಕುಮ ಹತ್ತಿದ ನಾಲ್ಕು ಪ್ಲಗ್ಗುಗಳು

ಸಾವಿರದ ಒಂಬೈನೂರ ಅರವತ್ತೊಂದು. ಹಾಸನದಲ್ಲಿ ಹೊಳೆನರಸೀಪುರದ ರಸ್ತೆಗೆ ಮುಖ ಮಾಡಿದ್ದ ಒಂದು ವರ್ಕ್‌ಶಾಪಿನಲ್ಲಿ ನಾನು ಮೇಸ್ತ್ರಿಯಾಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಎಂಜಿನ್ ಕೆಮ್ಮಿದರೆ ಯಾವ ಸಿಲಿಂಡರ್ ಕೆಮ್ಮಿತು ಎಂದು ರಸ್ತೆಯಾಚೆ ನಿಂತೇ ಹೇಳುತ್ತಿದ್ದೆ. ಹಾಗೆ ನಿಂತಲ್ಲೇ ಹೇಳುವ ಜಂಬ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿತು. ಈ ವಾರ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ನನಗೆ ಸಂತೋಷ ತಡೆದುಕೊಳ್ಳಲಾಗುತ್ತಿಲ್ಲ, ಅದಕ್ಕೇ ಬರೆಯಲು ಕೂತೆ. ಪೆನ್ನು ಹಿಡಿದರೆ ಸಂತೋಷಕ್ಕಿಂತ ಮೊದಲು ಅರವತ್ತೊಂದರ ಸಿಟ್ಟು ಬಂದು ನಿಂತಿದೆ. ಆಗಲಿ, ಮೊದಲು ಅದನ್ನೇ ಬರೆದು ಮುಗಿಸುತ್ತೇನೆ.

ಮೊಸಳೆ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ ತಿಮ್ಮೇಗೌಡರೆಂಬ ಜಮೀನುದಾರರಿದ್ದರು. ಆಲೂಗೆಡ್ಡೆ ಬೆಳೆದು ದೊಡ್ಡವರಾದವರು. ಅವರ ಕೊಟ್ಟಿಗೆಯಲ್ಲಿ ಎರಡು ಎಂಜಿನ್ನುಗಳು: ಸೀಮೆಎಣ್ಣೆಯಲ್ಲಿ ಓಡುವ ಟ್ರ್ಯಾಕ್ಟರು, ಪೆಟ್ರೋಲಿನಲ್ಲಿ ಓಡುವ ಯುದ್ಧಕ್ಕೂ ಮುಂಚಿನ ವಿಲಾಯಿತಿ ಕಾರು. ಕಾರಿನ ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಉಣಿಸುವ ಭಾಗ, ಪೂರ್ತಿ ಸವೆದಿತ್ತು. ಬೇರೆಯದು ಎಲ್ಲೂ ಸಿಗಲಿಲ್ಲ. ನಾನು ಮಿಲಿಟರಿ ಹರಾಜಿಗೆ ಬಂದಿದ್ದ ಜೀಪಿನ ಕಾರ್ಬುರೇಟರ್ ತಂದೆ. ಅದು ಕೂರುವುದಕ್ಕೆ ಒಂದು ಅಲ್ಯೂಮಿನಿಯಂ ತಟ್ಟೆಯನ್ನು ಮೂರು ದಿನ ಅರದಲ್ಲಿ ಉಜ್ಜಿ ಸರಿಮಾಡಿ ಜೋಡಿಸಿದೆ. ಕಾರು ಆರು ತಿಂಗಳು ಹೂವಿನಂತೆ ಓಡಿತು. ನನ್ನ ಹೆಮ್ಮೆಗೆ ಮಿತಿಯೇ ಇರಲಿಲ್ಲ.

ಅದನ್ನು ಓಡಿಸುತ್ತಿದ್ದವರು ಪದ್ಮರಾಜಯ್ಯ, ಶ್ರವಣಬೆಳಗೊಳದ ಜೈನರು. ಮಾತು ಕಡಿಮೆ, ಕೈ ಬಲು ಮೆದು. ಅರಕಲಗೂಡಿನ ಬಸ್ ಮಾಲೀಕರೊಬ್ಬರು, ದೀಪಾವಳಿ ಕಳೆದ ಮೇಲೆ ಅರಕಲಗೂಡು–ಹೊಳೆನರಸೀಪುರದ ಬಸ್ಸಿಗೆ ಡ್ರೈವರ್ ಆಗಿ ಬಾ ಎಂದು ಅವರಿಗೆ ಮಾತು ಕೊಟ್ಟಿದ್ದರು. ಗೌಡರ ಕಡೆಯಿಂದ ಒಂದು ಒಳ್ಳೆಯ ಮಾತು ಬಂದರೆ ಸಾಕಿತ್ತು.

ದಸರಾ ಮುಗಿದ ಎರಡನೇ ವಾರ, ಸಂತೆಯ ದಿನ. ಗೌಡರನ್ನು ಕೂರಿಸಿಕೊಂಡು ಚನ್ನರಾಯಪಟ್ಟಣಕ್ಕೆ ಹೋಗಿದ್ದ ಕಾರು ನೇರ ವರ್ಕ್‌ಶಾಪಿನ ಮುಂದೆ ಬಂದು ನಿಂತಿತು. ಪದ್ಮರಾಜಯ್ಯ ಕೀಲಿ ತಿರುಗಿಸಿ, ಹೊರಗೆ ತೆಗೆದು ನನಗೆ ತೋರಿಸಿದರು. ಎಂಜಿನ್ ನಿಲ್ಲಲಿಲ್ಲ. ಬಾನೆಟ್ಟು ಅದುರುತ್ತಾ, ಡುಗುಡುಗು ಎಂದು ನಾನು ಹನ್ನೊಂದು ಎಣಿಸುವವರೆಗೂ ಓಡಿತು. ಕೊನೆಗೆ ಅವರು ಬ್ರೇಕ್ ಒತ್ತಿ, ಗೇರು ಹಾಕಿ, ಕ್ಲಚ್ ಬಿಟ್ಟು ಅದರ ಉಸಿರು ಕಟ್ಟಿಸಬೇಕಾಯಿತು.

ಇದಕ್ಕೆ ರನ್-ಆನ್ ಎನ್ನುತ್ತಾರೆ. ಕೀಲಿ ತೆಗೆದರೆ ಪ್ಲಗ್ಗಿನ ಕಿಡಿ ನಿಲ್ಲುತ್ತದೆ. ಆದರೆ ಸಿಲಿಂಡರಿನೊಳಗೆ ಯಾವುದಾದರೂ ಚೂರು ಕೆಂಡದಂತೆ ಕಾದಿದ್ದರೆ, ಒಳಗೆ ಬರುವ ಪೆಟ್ರೋಲು ಅದಕ್ಕೇ ಹೊತ್ತಿಕೊಂಡು ಎಂಜಿನ್ ತನ್ನಷ್ಟಕ್ಕೆ ತಿರುಗುತ್ತದೆ. ಕಾರಣಗಳು ಹಲವು. ಒಂದೊಂದಾಗಿ ಬಿಚ್ಚಿ ನೋಡಬೇಕು. ನೋಡಬೇಕಿತ್ತು.

ಸಂತೆಗೆ ಬಂದವರು ಸುತ್ತ ಸೇರಿದರು. ಒಬ್ಬ ಕೂಗಿದ: "ಗೌಡ್ರೇ, ಕೀಲಿ ಇಲ್ದೆ ಓಡ್ತೈತೆ! ಪುಕ್ಸಟ್ಟೆ ಊರ್ಗಂಟ ಓಗ್ಬುಡಿ!" ಎಲ್ಲರೂ ನಕ್ಕರು. ಗೌಡರ ಮುಖ ಕೆಂಪಾಯಿತು.

"ಏನ್ಲಾ ರಂಗ ಇದು? ಜೀಪಿನ ಕರುಳು ತಂದು ನನ್ ಕಾರ್ಗೆ ಹೊಲಿದ್ಯಲ್ಲ, ನೋಡು ಅದ್ರ ಆಟವ!"

ಆ ಮಾತು ನನಗೆ ಚುಚ್ಚಿತು. ನಾನು ಬಾನೆಟ್ಟು ಎತ್ತಲಿಲ್ಲ. ಒಂದು ಸ್ಪ್ಯಾನರ್ ಮುಟ್ಟಲಿಲ್ಲ. ಅಷ್ಟು ಜನರ ಎದುರಿಗೆ ಹೇಳಿಬಿಟ್ಟೆ: "ನನ್ ಕಾರ್ಬುರೇಟರ್ ಆರ್ ತಿಂಗ್ಳು ಓಡೈತೆ ಗೌಡ್ರೆ. ಪೆಟ್ರೋಲ್ಗೆ ಸೀಮೆಎಣ್ಣೆ ಬೆರೆಸುದ್ರೆ ಇಂಗೇ ಕುಣಿಯಾದು. ಟ್ಯಾಂಕಿಗೆ ಏನ್ ಉಯ್ದವ್ರೆ ಕೇಳಿ."

ಪೆಟ್ರೋಲು ಮಾರಿಕೊಂಡು ಸೀಮೆಎಣ್ಣೆ ತುಂಬಿಸುವ ಡ್ರೈವರುಗಳು ಆಗ ಇದ್ದರು. ಗೌಡರಿಗೆ ಅಷ್ಟೇ ಸಾಕಾಯಿತು. ಪದ್ಮರಾಜಯ್ಯನವರ ಕೈಯಿಂದ ಕೀಲಿ ಕಿತ್ತುಕೊಂಡರು.

"ಇರುವೆ ತುಳಿಯಾಕಿಲ್ಲ ಅಂತೀಯ, ನನ್ ಪೆಟ್ರೋಲ್ ಕುಡೀತೀಯೇನ್ಲಾ? ಕಳ್ಳ! ಇನ್ ನನ್ ಬಾಗ್ಲಿಗೆ ಬರಬ್ಯಾಡ. ನಿಂಗೆ ಯಾವನು ಬಸ್ಸು ಕೊಡ್ತಾನೋ ನಾನೂ ನೋಡ್ತೀನಿ."

ಪದ್ಮರಾಜಯ್ಯ ನನ್ನ ಕಡೆ ತಿರುಗಿ ಕೇಳಿದರು: "ಬಿಚ್ಚಿ ನೋಡಿದ್ಯಾ ರಂಗಣ್ಣ?"

ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಕಾರನ್ನು ನನ್ನ ಬಳಿಯೇ ಬಿಟ್ಟು ಗೌಡರೂ ಹೋದರು.

ಮಧ್ಯಾಹ್ನ ಟ್ಯಾಂಕಿನಿಂದ ಒಂದು ಲೋಟ ಪೆಟ್ರೋಲು ಇಳಿಸಿ, ಬಿಳಿ ಕಾಗದದ ಮೇಲೆ ನಾಲ್ಕು ತೊಟ್ಟು ಬಿಟ್ಟೆ. ಸೀಮೆಎಣ್ಣೆ ಇದ್ದರೆ ಎಣ್ಣೆಯ ಕಲೆ ಉಳಿಯುತ್ತದೆ. ಕಾಗದ ಒಣಗಿತು, ಕಲೆಯಿಲ್ಲ. ಇನ್ನೊಂದು ಕಾಗದ. ಅದರಲ್ಲೂ ಇಲ್ಲ. ಅಪ್ಪಟ ಪೆಟ್ರೋಲು! ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಹಾಗಾದರೆ ತಪ್ಪು ನನ್ನ ಕೆಲಸದಲ್ಲೇ ಇರಬೇಕು ಎಂದು ಹುಡುಕಲು ಹೊರಟೆ. ನನ್ನ ತಟ್ಟೆಯ ಸಂದಿನಲ್ಲಿ ಗಾಳಿ ಸೇರಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ವಿಪರೀತ ಕಾಯುತ್ತದೆ. ಓಡುತ್ತಿರುವಾಗ ಸಂದಿಗೆ ಎಣ್ಣೆ ಬಿಟ್ಟೆ, ಶಬ್ದ ಬದಲಾಗಲಿಲ್ಲ, ಸಂದು ಗಟ್ಟಿಯಾಗಿತ್ತು. ಐಡ್ಲಿಂಗ್, ಅಂದರೆ ನಿಂತಲ್ಲಿ ಓಡುವ ವೇಗ, ಇಳಿಸಿದೆ. ಕೀಲಿ ತೆಗೆದರೆ ಮತ್ತೆ ಡುಗುಡುಗು. ಪ್ಲಗ್ಗುಗಳನ್ನು ಮಾತ್ರ ಮುಟ್ಟಿರಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ನಾನೇ ನಾಲ್ಕು ಹೊಸ ಪ್ಲಗ್ ಹಾಕಿದ್ದೆನಲ್ಲ! ಮರುದಿನ ಬೆಳಿಗ್ಗೆ ಬೇರೆ ದಾರಿ ಕಾಣದೆ ಬಿಚ್ಚಿದೆ.

ಮೊದಲನೆಯದರ ಪಿಂಗಾಣಿಯ ಮೇಲೆ ಕುಂಕುಮ.

ನಾನು ಹಾಕುವಾಗ ಕುಂಕುಮ ಇಟ್ಟಿರಲಿಲ್ಲ. ಒರೆಸಿ ನೋಡಿದರೆ ಅವು ನನ್ನ ಪ್ಲಗ್ಗುಗಳೇ ಅಲ್ಲ. ಒಳಗಿನ ಪಿಂಗಾಣಿಯ ಮೂಗು ಉದ್ದವಾಗಿತ್ತು. ಉದ್ದ ಮೂಗಿನ ಪ್ಲಗ್ಗು ಬಿಸಿಯನ್ನು ಬೇಗ ಬಿಡುವುದಿಲ್ಲ. ಸೀಮೆಎಣ್ಣೆ ಎಂಜಿನ್ನಿಗೆ ಅದು ಬೇಕು, ಇಲ್ಲದಿದ್ದರೆ ಮಸಿ ಕಟ್ಟುತ್ತದೆ. ಪೆಟ್ರೋಲ್ ಕಾರಿಗೆ ಹಾಕಿದರೆ ಅದೇ ಕೆಂಡವಾಗುತ್ತದೆ. ಎರಡಕ್ಕೂ ತಿರುಪಿನ ತ್ರೆಡ್ ಒಂದೇ, ಸ್ಪ್ಯಾನರೂ ಒಂದೇ, ಒಂದರದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ.

ನಾಲ್ಕನ್ನೂ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಗೌಡರ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ಓಡಿಸುವ ಕಾಳಯ್ಯ ಸಿಕ್ಕಿದ. ನಾನು ಬಾಯಿ ತೆರೆಯುವ ಮೊದಲೇ ಅವನ ಗೋಳು ಶುರುವಾಯಿತು.

"ಹಬ್ಬ ಆದಾಗ್ನಿಂದ ಈ ಟ್ಯಾಕ್ಟ್ರು ಮೂತಿಗೆ ಮಸಿ ಬಳ್ಕಂಡು ಕುಂತೈತೆ ಕಣಣ್ಣೋ. ಪ್ಲಗ್ಗು ಉಜ್ಜೀ ಉಜ್ಜೀ ನನ್ ಉಗುರೇ ಸವೆದೋದ್ವು."

"ಆಯುಧಪೂಜೆ ದಿನ ಪ್ಲಗ್ ಬಿಚ್ಚಿದ್ರೇನಯ್ಯ?"

"ಬಿಚ್ದೆ ಇರ್ತೀವಾ? ಎಂಟನ್ನೂ ಬಾಳೆಲೆ ಮ್ಯಾಲೆ ಸಾಲಾಗಿ ಇಕ್ಕಿ ಪೂಜೆ ಮಾಡುದ್ವಿ. ನಿಮ್ ವರ್ಕ್‌ಶಾಪ್ನಾಗೂ ಅಂಗೇ ಮಾಡಾದಲ್ವಾ, ಅದ್ನ ನೋಡೇ ಗೌಡ್ರು ಸುರು ಮಾಡಿದ್ದು. ಡ್ರೈವರಣ್ಣ ಊರ್ಗೋಗಿತ್ತು. ಕಾರಿಗೆ ಗೌಡ್ರೇ ಕೈಯಾರೆ ಹಾಕುದ್ರು."

ಹೌದು. ಎಂಜಿನ್ನಿನ ಜೀವ ಇರುವುದು ಪ್ಲಗ್ಗಿನಲ್ಲಿ ಎಂದು ಪ್ಲಗ್ ಬಿಚ್ಚಿ ಪೂಜೆಗಿಡುವುದು ನಮ್ಮದೇ ಪದ್ಧತಿ. ಟ್ರ್ಯಾಕ್ಟರಿನ ನಾಲ್ಕನ್ನು ಬಿಚ್ಚಿಸಿದೆ. ಮಸಿ ಉಜ್ಜಿದರೆ ಕೆಳಗೆ ನನ್ನ ಗೌರಿ ಹಬ್ಬದ ಹೊಸ ಪ್ಲಗ್ಗುಗಳು!

ಎಂಟನ್ನೂ ಗೌಡರ ಜಗುಲಿಯ ಮೇಲೆ ಸಾಲಾಗಿ ಇಟ್ಟು ವಿಷಯ ಹೇಳಿದೆ. ಅವರು ಎಲೆಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

"ಸರಿ, ಗೊತ್ತಾಯ್ತಲ್ಲ. ಬದ್ಲಾಯ್ಸಿ ಹಾಕು, ಓಗು."

"ಪದ್ಮರಾಜಯ್ಯ ಗೌಡ್ರೆ? ಸಂತೇಲಿ ಕಳ್ಳ ಅಂದ್ರಿ. ಸಂತೇಲೇ ಅಲ್ಲ ಅನ್ಬೇಕು."

"ನಾನೇನ್ಲಾ ಅನ್ನಾದು? ಸೀಮೆಎಣ್ಣೆ ಅಂದೋನು ನೀನು. ಅವನು ಬೇಕಾದ್ರೆ ನಾಳೆಯಿಂದ ಬರ್ಲಿ, ನಾನೇನ್ ಬ್ಯಾಡ ಅನ್ನಾಕಿಲ್ಲ."

ಬೇಡ ಅನ್ನುವುದಿಲ್ಲವಂತೆ! ಒಬ್ಬನ ಮಾನ ತೆಗೆದು, ಬರಲಿ ಬಿಡು ಎನ್ನುವ ದೊಡ್ಡತನ! ಆದರೆ ಆ ಮಾತಿನ ಅರ್ಧ ನಿಜವಾಗಿತ್ತು. ಟ್ರ್ಯಾಕ್ಟರಿನ ನಾಲ್ಕನ್ನು ಕಾಳಯ್ಯನ ಕೈಗಿಟ್ಟು, ಹಾಸನಕ್ಕೆ ಬಂದು ಕಾರಿಗೆ ಅದರ ಪ್ಲಗ್ಗುಗಳನ್ನೇ ಹಾಕಿದೆ. ಕಾರು ಏನು ತಪ್ಪು ಮಾಡಿತ್ತು? ಕೀಲಿ ತಿರುಗಿಸಿದೆ. ತಟ್ಟನೆ ನಿಂತಿತು. ಗೌಡರ ಕೆಲಸವನ್ನು ನಾನು ಮಾಡಿದ್ದು ಅದೇ ಕೊನೆ.

ಮರುದಿನ ವರ್ಕ್‌ಶಾಪಿನಲ್ಲಿದ್ದ ಟ್ರ್ಯಾಕ್ಟರಿಗೆ ಹಾಕುವಂಥ ಒಂದು ಪ್ಲಗ್ಗು, ಗೌರಿ ಹಬ್ಬದಲ್ಲಿ ಕಾರಿನಿಂದ ತೆಗೆದಿದ್ದ ಒಂದು ಹಳೆಯ ಪ್ಲಗ್ಗು ಹಿಡಿದುಕೊಂಡು ಅರಕಲಗೂಡಿಗೆ ಹೋದೆ. ಬಸ್ ಮಾಲೀಕರಿಗೆ ಗೌಡರ ಮಾತು ಆಗಲೇ ಮುಟ್ಟಿತ್ತು, ಬೇರೆ ಡ್ರೈವರನ್ನು ಹುಡುಕುತ್ತಿದ್ದರು. ಅವರು ಎರಡೂ ಪ್ಲಗ್ಗನ್ನು ಬೆಳಕಿಗೆ ಹಿಡಿದು ಮೂಗು ನೋಡಿದರು.

"ಹಂಗಾದ್ರೆ ಅವನ್ನ ಕಳ್ಳ ಅಂದಿದ್ದು ಯಾರಯ್ಯ?"

"ಅಂದಿದ್ದು ಗೌಡ್ರು ಸಾ. ಅವ್ರ ಬಾಯಿಗೆ ಆ ಮಾತ ಇಕ್ಕಿದ್ದು ನಾನು."

ಅವರು ಎರಡೂ ಪ್ಲಗ್ಗನ್ನು ನನ್ನ ಕೈಗೆ ವಾಪಸು ಕೊಟ್ಟರು. ಆಮೇಲೆ, ದೀಪಾವಳಿ ಕಳೆದ ಸೋಮವಾರ ಬರಲು ಹೇಳು ಎಂದರು. ಮುಂದಿನ ಸಂತೆಯ ದಿನ ವರ್ಕ್‌ಶಾಪಿನ ಮುಂದೆ ನಿಂತು, ತಪ್ಪು ನನ್ನದು, ಪದ್ಮರಾಜಯ್ಯನವರದಲ್ಲ ಎಂದು ಗಂಟಲು ಬಿಚ್ಚಿ ಕೂಗಿದೆ. ಕಳ್ಳ ಎಂದಾಗ ಕಿವಿ ನಿಮಿರಿಸಿದ್ದ ಜನ ಈಗ ನಿಲ್ಲಲೂ ಇಲ್ಲ.

ಬೆಳಗೊಳಕ್ಕೆ ಹೋಗಿ ಸುದ್ದಿ ಹೇಳಿದಾಗ ಪದ್ಮರಾಜಯ್ಯ ಮಜ್ಜಿಗೆ ತರಿಸಿ ಕೊಟ್ಟರು. ನಾನು ಗೌಡರನ್ನು ಬಾಯಿಗೆ ಬಂದಂತೆ ಬೈದೆ. ಅವರು ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿ ಹೇಳಿದರು:

"ಗೌಡ್ರ ಮೇಲೆ ನಂಗೆ ಅಷ್ಟು ಸಿಟ್ಟಿಲ್ಲ. ಅವರಿಗೆ ಎಂಜಿನ್ ಗೊತ್ತಿಲ್ಲ. ನಿಂಗೆ ಗೊತ್ತಿತ್ತಲ್ಲ ರಂಗಣ್ಣ."

ಅವರು ಬಹಳ ವರ್ಷ ಆ ಬಸ್ಸು ಓಡಿಸಿದರು. ಎದುರು ಸಿಕ್ಕಾಗಲೆಲ್ಲ ನಗುತ್ತಿದ್ದರು. ನಾನು ಮಾತ್ರ ಆ ನಗುವಿನಲ್ಲಿ ಅದೇ ಮಾತು ಕೇಳಿಸಿಕೊಳ್ಳುತ್ತಿದ್ದೆ.

ಇನ್ನು ಸಂತೋಷದ ಸಂಗತಿ. ನನ್ನ ಮೊಮ್ಮಗಳು ಶೋಭಾ ಇದೇ ಹಾಸನದಲ್ಲಿ ಮೆಕ್ಯಾನಿಕ್. ನಮ್ಮ ವಂಶದಲ್ಲಿ ಸ್ಪ್ಯಾನರ್ ಹಿಡಿದ ಮೊದಲ ಹೆಣ್ಣುಮಗಳು! ಸೋಮವಾರ ಬುತ್ತಿ ಕೊಡಲು ಹೋದವನು ಕಣ್ಣಾರೆ ನೋಡಿದೆ. ಒಬ್ಬ ದೊಡ್ಡ ಮನುಷ್ಯ ಕೆಟ್ಟ ಕಾರು ತಂದು, "ಡ್ರೈವರ್‌ದೇ ತಪ್ಪು ಅಲ್ವೇನಮ್ಮ?" ಎಂದು ರೇಗುತ್ತಿದ್ದ. ಡ್ರೈವರ್ ತಲೆ ತಗ್ಗಿಸಿ ನಿಂತಿದ್ದ. ನಮ್ಮ ಹುಡುಗಿ ಕೈ ಒರೆಸಿಕೊಂಡು ಹೇಳಿದಳು: "ಸಾರ್, ನಾನಿನ್ನೂ ಬಿಚ್ಚಿಲ್ಲ. ಬಿಚ್ಚಿ ನೋಡೋ ತನಕ ಯಾರ ಹೆಸರೂ ಹೇಳಲ್ಲ."

ಈ ಕಥೆಯನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ, ನಾಚಿಕೆಯಿಂದ. ನಲವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇದೊಂದೇ ಪಾಠ, ಅದೂ ಒಬ್ಬನ ಹೆಸರು ಕೆಡಿಸಿದ ಮೇಲೆ. ಅವಳಿಗೆ ಅದು ಆಗಲೇ ಬಂದಿದೆ. ಬುತ್ತಿಯನ್ನು ಅಲ್ಲೇ ಬೆಂಚಿನ ಮೇಲಿಟ್ಟು ಮಿಠಾಯಿ ಅಂಗಡಿಗೆ ಓಡಿದೆ. ವಾಪಸು ಬಂದು ಇಡೀ ವರ್ಕ್‌ಶಾಪಿಗೆ ಮೈಸೂರುಪಾಕು ಹಂಚಿದೆ. ಮೊದಲ ತುಂಡು ಕೊಟ್ಟದ್ದು ಆ ಡ್ರೈವರಿಗೆ.