ಮೊಮ್ಮಗಳ ಚಿತ್ರಗಳನ್ನು ಬುಟ್ಟಿಗೆ ತುಂಬಿದ್ದು

ನನ್ನ ಮೊಮ್ಮಗಳು ನನ್ನಂಥವರಿಗಾಗಿ ಕಂಪ್ಯೂಟರಿನ ಒಳಗನ್ನೇ ಕನ್ನಡದಲ್ಲಿ ಕಟ್ಟಿದ್ದಾಳೆ. ಅದನ್ನು ಹೇಳಿಕೊಳ್ಳುವಾಗ ಎದೆ ಈಗ ಉಬ್ಬುತ್ತದೆ. ಆ ಕೆಲಸ ನಡೆಯುತ್ತಿದ್ದಷ್ಟು ದಿನವೂ ಇದೇ ಎದೆ ಭಯಕ್ಕೆ ಹೊಡೆದುಕೊಳ್ಳುತ್ತಿತ್ತು.

ಲಿನಕ್ಸ್ ಅಂತ ಒಂದಿದೆ. ಕಂಪ್ಯೂಟರನ್ನು ನಡೆಸುವುದು ಅದು. ಯಾರ್ಯಾರೋ ಎಲ್ಲೆಲ್ಲೋ ಕೂತು ಬರೆದು, ಬೇಕಾದವರು ತಗೊಳ್ಳಿ ಎಂದು ಬಿಟ್ಟುಕೊಟ್ಟಿದ್ದಾರಂತೆ.

"ಕಾಸಿಲ್ದೆ ಯಾಕವ್ವ ಮಾಡ್ತಾರು?" ಎಂದು ಕೇಳಿದ್ದೆ.

"ಮುಯ್ಯಾಳು ಇದ್ದಂಗೆ ಕಣಜ್ಜಿ. ಇವತ್ತು ಅವ್ರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವ್ರು."

ಆಗ ಅರ್ಥವಾಯಿತು. ಅವಳೂ ಅವಳ ಜೊತೆಗಾರರೂ ಅದರ ಮೇಲೆ ಪರದೆ, ಗುಂಡಿ, ಮಾತು ಎಲ್ಲವನ್ನೂ ಹೊಸದಾಗಿ ಜೋಡಿಸುತ್ತಿದ್ದರು. ಗುಂಡಿಗಳ ಚಿತ್ರ ಬರೆಯುವುದು ಇವಳ ಪಾಲು, ಕೂತು ಒತ್ತಿ ನೋಡುವುದು ನನ್ನ ಪಾಲು.

"ಎಷ್ಟು ಬೇಕಾದ್ರೂ ತಪ್ಪು ಮಾಡಜ್ಜಿ. ನೀ ಎಲ್ಲಿ ಎದ್ರುಕತೀಯೋ ಅಲ್ಲಿ ನಂದು ಕೆಟ್ಟದೆ ಅಂತ ಅರ್ಥ" ಎನ್ನುತ್ತಿದ್ದಳು. ಹೆದರದ ಜಾಗ ಯಾವುದಿತ್ತು! ಮೌಸು ಹಿಡಿದರೆ ಸಾಕು, ಅಂಗೈ ಬೆವರುತ್ತಿತ್ತು.

ಒಂದು ದಿನ ಲ್ಯಾಪ್‌ಟಾಪಿನ ಚಾರ್ಜರು ಕೆಟ್ಟಿತು. "ಕೊಳ್ಳೇಗಾಲದಿಂದ ಬ್ಯಾರೇದು ತತ್ತೀನಿ. ಈ ಚಿತ್ರಗಳ್ನ ಸಂಜೆ ಕಳಿಸ್ಬೇಕು, ಎಲ್ರೂ ಕಾಯ್ತಾವ್ರೆ. ಅಲ್ಲೀಗಂಟ ನೀ ಒತ್ತಿ ನೋಡ್ತಿರು" ಎಂದು ಕಾಮಗೆರೆಯಲ್ಲಿ ಬಸ್ಸು ಹತ್ತಿದಳು.

ಪರದೆಯ ತುಂಬ ಅವಳು ತಿಂಗಳುಗಟ್ಟಲೆ ಬರೆದ ಚಿತ್ರಗಳು. ಬಾಗಿಲು, ದೀಪ, ಮೊರ, ಅಂಗಳದಲ್ಲಿ ರಾಗಿ ಹರವಿದ ಹಾಗೆ. ನೋಡುತ್ತಿದ್ದಂತೆ ಮೂಲೆಯಲ್ಲಿ ಕೆಂಪಗೆ ಏನೋ ಮಿನುಗಿತು. ಅಕ್ಷರ ಕೂಡಿಸಿ ಓದಿದೆ: ಬ್ಯಾಟರಿ ಮುಗಿಯುತ್ತಿದೆ. ಮೋಡ ಕವಿದಾಗ ಆಗುವ ಗಾಬರಿಯೇ ಆಯಿತು. ಹರವಿದ್ದನ್ನು ಹಾಗೇ ಬಿಡುವುದುಂಟೆ? ಕೆಳಗಡೆ ಒಂದು ಬುಟ್ಟಿ ಕಂಡಿತು. ಚಿತ್ರಗಳನ್ನು ಒಂದೊಂದಾಗಿ ಎಳೆದು ಅದಕ್ಕೆ ತುಂಬಿದೆ. ಎಲ್ಲ ಸರಿಯಾಗಿ ಸೇರಿತೋ ಇಲ್ಲವೋ ಎಂದು ಬುಟ್ಟಿಯನ್ನು ಒತ್ತಿದರೆ, "ಖಾಲಿ ಮಾಡಲೇ?" ಎಂದು ಕೇಳಿತು. ನಮ್ಮಲ್ಲಿ ಬುಟ್ಟಿ ಖಾಲಿ ಮಾಡುವುದೆಂದರೆ ಒಳಗೆ ತಂದು ಕಣಜಕ್ಕೆ ಸುರಿಯುವುದು. ಆಮೇಲೇ ನೆಮ್ಮದಿ. "ಹೌದು" ಒತ್ತಿದೆ.

ಸುರಿದದ್ದು ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ಎಲ್ಲಿಯೂ ಇಲ್ಲ. ಪರದೆ ಗುಡಿಸಿಟ್ಟ ಹಾಗಿತ್ತು.

ಅವರೆಕಾಯಿ ಸುಲಿಯುತ್ತಿದ್ದ ವಾರಗಿತ್ತಿ ನನ್ನ ಮುಖ ನೋಡಿದಳು. "ಯಾಕಕ್ಕ, ಆವು ಕಂಡೋಳಂಗ ಕೂತಿದ್ದೀಯ?"

"ಮಗಿನ ಚಿತ್ರವೆಲ್ಲ ನುಂಗ್‌ಬುಡ್ತು ಕಣೇ."

"ಅದಕ್ಕ ಬಾಯೇ ಇಲ್ವಲ್ಲ! ಮುಚ್ಚಿ ಮಡಗು, ಅವ್ಳೇ ಬಂದು ನೋಡ್ಕತಾಳ."

ಮುಚ್ಚಲೂ ಭಯ, ಮುಟ್ಟಲೂ ಭಯ. ಅಷ್ಟರಲ್ಲಿ ಅದು ತಾನೇ ಆರಿಹೋಯಿತು. ಸತ್ತೇಹೋಯಿತೆಂದುಕೊಂಡು ಶಿವನೇ ಶಿವನೇ ಎನ್ನುತ್ತ ಜಗಲಿಯಲ್ಲಿ ಕೂತೆ. ದೂರದಲ್ಲಿ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಎದ್ದು ನಿಂತು ರಸ್ತೆಯ ಕಡೆ ನೋಡುತ್ತಿದ್ದೆ.

ಅವಳು ಬಂದಾಗ ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ. ಕೂಸಿನ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಚಪ್ಪಲಿಯನ್ನೂ ಬಿಡದೆ ಕೂತು ಚಾರ್ಜರು ಚುಚ್ಚಿ ಹುಡುಕಿದಳು. ಜೊತೆಗಾತಿಯೊಬ್ಬಳಿಗೆ ಫೋನು ಮಾಡಿದಳು. ಮೊದಮೊದಲು ಬರೆದ ಚಿತ್ರಗಳು ಆ ಹುಡುಗಿಯ ಹತ್ತಿರ ಉಳಿದಿದ್ದವು. ಈಚಿನವು ಹೋದದ್ದು ಹೋದವೇ.

"ಇನ್ಮೇಲ ಅದ ಮುಟ್ಟಕಿಲ್ಲ ಕಣವ್ವ" ಎಂದು ಅತ್ತೆ.

"ಅದಿರ್ಲಿ ಅಜ್ಜಿ. ಬುಟ್ಟೀಗೆ ಯಾಕ್ ಆಕ್ದೆ?"

"ಮೋಡ ಕಟ್ಕಂಡ್ರ ರಾಗಿಯ ಇನ್ನೆಲ್ಲಿಗ ಆಕರು?"

"ಖಾಲಿ ಮಾಡ್ಲಾ ಅಂದ್ರೆ ಔದು ಅಂದ್ಯಲ್ಲ?"

"ಅದ್ರಲ್ಲೇ ಮಡಗಿದ್ರ ಇಲಿ ತಿನ್ನಕಿಲ್ವ?"

ಕಣ್ಣಲ್ಲಿ ನೀರಿಟ್ಟುಕೊಂಡೇ ಅವಳು ನಕ್ಕುಬಿಟ್ಟಳು. ಫೋನಿನಲ್ಲಿದ್ದವಳಿಗೆ, "ಕೇಳಿಸ್ತೇನೇ? ಯಾವುದೋ ಆಫೀಸಿನ ಕಸದ ಬುಟ್ಟಿ ತಂದು ನಮ್ಮಜ್ಜಿ ಮುಂದೆ ಇಟ್ಟಿದ್ದೀವಿ!" ಎಂದಳು.

ಮಾರನೆಯ ದಿನ ಬೆಳಗಿನಿಂದ ಕೂತು ಹೋದ ಚಿತ್ರಗಳನ್ನು ಮತ್ತೆ ಬರೆದಳು. ನಾನು ಬೆಂಗಾವಲಿನ ಹಾಗೆ ಪಕ್ಕದಲ್ಲೇ ಕೂತಿದ್ದೆ, ಕರೆಂಟು ಹೋದೀತೆಂದು ಬಲ್ಬನ್ನೇ ನೋಡುತ್ತ. ಬುಟ್ಟಿಯನ್ನು ತೆಗೆದು ಆ ಜಾಗದಲ್ಲಿ ಒಡೆದ ಮಡಕೆಯ ಚೂರು ಬರೆದಳು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ನನ್ ದೀಪವ ಎಳ್ದು ಚೂರಿನ ಮೇಲಾಕು" ಎಂದಳು.

"ಬ್ಯಾಡ ಕಣವ್ವ, ಮತ್ತ ನುಂಗ್‌ಬುಡ್ತದ."

"ನುಂಗ್ಲಿ. ಆಕು."

ಹಾಕಿದೆ. ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿತು: "ಇದನ್ನು ಎಸೆದರೆ ಮತ್ತೆ ಸಿಗುವುದಿಲ್ಲ. ಎಸೆಯಲೇ?" ಎರಡು ಸಲ ಓದಿಕೊಂಡು "ಬೇಡ" ಒತ್ತಿದೆ. ದೀಪ ತನ್ನ ಜಾಗಕ್ಕೆ ಬಂದು ಕೂತಿತು.

ಅವಳು ಚಿತ್ರಗಳನ್ನೆಲ್ಲ ಜೊತೆಗಾರರಿಗೆ ಕಳಿಸಿದಳು. ಎಲ್ಲ ತಲುಪಿದವೆಂದು ಉತ್ತರ ಬಂದ ಕೂಡಲೇ ನಾನು ಹನೂರಿನ ತಂಗಿಗೆ ಫೋನು ಮಾಡಿ, ಸಿಕ್ಕಿದ್ದು, ಬರೆದದ್ದು, ಕಳಿಸಿದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ಸಂತೋಸ ಕಣಕ್ಕ" ಎಂದಳು ಅವಳು. "ಒಸಿ ಮೆತ್ತಗ ಮಾತಾಡು, ನಮ್ಮೆಮ್ಮೆ ಬೆದರ್ತಾ ಅದ."